ತಾಪಿಯ ನೆರೆ ಮತ್ತು ಡೀಸೆಲ್ ಎಂಜಿನ್

ಅಡಾಜಣ್ ಸೂರತ್ ನಗರದಲ್ಲಿ ತಾಪಿ ನದಿಯ ಪಶ್ಚಿಮ ದಡದ ಬಡಾವಣೆ. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟೆಯಿಂದ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಹರಿದುಬಂದಾಗ ಪಕ್ಕದ ರಾಂದೇರ್ ಜೊತೆಗೆ ಇದೂ ಮುಳುಗಿತು; ನಿಲ್ಲಿಸಿದ್ದ ವಾಹನಗಳಿಗೂ ಕೆಸರುನೀರು ನುಗ್ಗಿತು. 1972ರಲ್ಲಿ ಮುಗಿದ ಆ ಅಣೆಕಟ್ಟೆಯ ಉದ್ದೇಶಗಳಲ್ಲಿ ನೆರೆ ತಡೆಯೂ ಒಂದಾಗಿತ್ತು!

ಮುಳುಗಿ ಎದ್ದ ಡೀಸೆಲ್ ಜೀಪಿಗೆ ನೀರಿಗಿಂತಲೂ ಮಾಲೀಕನ ಆತುರವೇ ದೊಡ್ಡ ಶತ್ರು. ಡೀಸೆಲ್ ಎಂಜಿನ್ ಗಾಳಿಯನ್ನು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ಪಟ್ಟು ಒತ್ತುತ್ತದೆ; ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ತೀರ ಕಿರಿದು. ಅಲ್ಲಿ ಒಂದಿಷ್ಟು ನೀರಿದ್ದರೂ ಸಾಕು. ನೀರು ಕುಗ್ಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುವ ಮೊದಲು ಬ್ಯಾಟರಿ ಬಿಡಿಸಿ, ಇಂಜೆಕ್ಟರ್‌ಗಳನ್ನೋ ಗ್ಲೋ ಪ್ಲಗ್‌ಗಳನ್ನೋ ಕಳಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಪೂರ್ತಿ ಬದಲಿಸಬೇಕು. ಡೀಸೆಲ್ ಟ್ಯಾಂಕನ್ನು ಬರಿದುಮಾಡಿ, ಫಿಲ್ಟರುಗಳನ್ನೂ ಬದಲಿಸಬೇಕು. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್‌ಗಳ ಆಯಿಲ್ ಬದಲಿಸುವುದು ಹೆಚ್ಚುವರಿ ಕೆಲಸ. ಮರೆತುಹೋಗುವುದೂ ಇವೇ.

ಇಂಥ ಮುಳುಗಿ ಎದ್ದ ವಾಹನವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಕಷ್ಟ ತಡವಾಗಿ ಕಾಣಿಸುತ್ತದೆ. ಸ್ವಲ್ಪವೇ ಬಾಗಿದ ರಾಡ್ ತಿಂಗಳುಗಟ್ಟಲೆ ಓಡಿ, ಒಂದು ದಿನ ಮುರಿದು ಬ್ಲಾಕನ್ನೇ ಒಡೆಯಬಹುದು. ಆಮೇಲೆ ಬೋರ್ ಮಾಡಿಸಿ ಪ್ರಯೋಜನವಿಲ್ಲ, ಬೇರೆ ಎಂಜಿನ್ನೇ ಬೇಕು. ಹೊಳೆಯುವ ಬಣ್ಣಕ್ಕೆ ಮರುಳಾಗದೆ ಸೀಟಿನ ಹಳಿಯ ತುಕ್ಕು, ಮ್ಯಾಟಿನಡಿಯ ಒಣ ಮಣ್ಣು ನೋಡಬೇಕು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಬೇಕು. ರಾಡ್ ಬಾಗಿ ಗಿಡ್ಡಾದ ಸಿಲಿಂಡರಿನಲ್ಲಿ ಅದು ಉಳಿದವುಗಳಿಗಿಂತ ಕಡಿಮೆ ಇರುತ್ತದೆ.