ಮೊಸಳೆಯಲ್ಲದ ಮೊಸಳೆಗಳು

ತಮಿಳುನಾಡಿನ ಗಡಿಗೆ ಹತ್ತಿರವಿರುವ ರಾಮಾಪುರದ ಸೀಮೆಯಲ್ಲಿ ಕನ್ನಡದ ‘ಮೊಸಳೆ’ಯೂ ಕೇಳುತ್ತದೆ, ತಮಿಳಿನ ‘ಮುದಲೈ’ಯೂ ಕೇಳುತ್ತದೆ. ಎರಡೂ ಒಂದೇ ಬೇರಿನವು. ತಮಿಳಿನ ‘ಪುದು’ವಿಗೆ ಕನ್ನಡದಲ್ಲಿ ‘ಪೊಸ’, ಆಮೇಲೆ ‘ಹೊಸ’ ಇರುವಂತೆಯೇ ‘ಮುದಲೈ’ಗೆ ‘ಮೊಸಳೆ’ ಇದೆ. ತೆಲುಗಿನ ‘ಮೊಸಲಿ’ಯೂ ಇದೇ ಬಳಗದ್ದು. ದಕಾರದೆದುರು ಸಕಾರ ನಿಲ್ಲುವ ಈ ಕಟ್ಟುಪಾಡೇ ನಂಟಿಗೆ ಸಾಕ್ಷಿ.

ಹಳೆಯ ಈಜಿಪ್ಟಿನಲ್ಲಿ ಮೊಸಳೆಗೆ ‘ಮ್ಸಹ್’ ಎನ್ನುತ್ತಿದ್ದರು. ಕಿವಿಗೆ ನಮ್ಮ ಮೊಸಳೆಯ ಅಣ್ಣನಂತೆ ಕೇಳಿಸುತ್ತದೆ. ಆದರೆ ಇವೆರಡನ್ನೂ ಬೆಸೆಯುವ ಅಂಥ ಕಟ್ಟುಪಾಡಿಲ್ಲ. ಇರುವುದು ದನಿಯ ಹೋಲಿಕೆ ಮಾತ್ರ. ಆ ಪದವನ್ನು ಗ್ರೀಕರ ಹೆರೊಡೋಟಸ್ ‘ಖಾಂಪ್ಸಾಯ್’ ಎಂದು ಬರೆದಿಟ್ಟ. ಈಜಿಪ್ಟಿನ ಮೊಸಳೆದೇವರು ಸೋಬೆಕ್ ಗ್ರೀಕರ ಬಾಯಲ್ಲಿ ‘ಸೌಖೋಸ್’ ಆದ.

ಎರಡು ಸಾವಿರ ವರ್ಷ ಕಳೆದ ಮೇಲೆ ಈ ಎರಡೂ ಹೆಸರು ಪಳೆಯುಳಿಕೆಗಳಿಗೆ ಅಂಟಿಕೊಂಡವು. ಮೊಸಳೆಯಂತೆ ಉದ್ದ ಮೂತಿಯಿದ್ದ ಒಂದು ನೀರುಜೀವಿ ‘ಖಾಂಪ್ಸಾಯ್’ನಿಂದ ‘ಚಾಂಪ್ಸೊಸಾರಸ್’ ಆಯಿತು. 1914ರಲ್ಲಿ ಪಳೆಯುಳಿಕೆ ತಜ್ಞ ರಾಬರ್ಟ್ ಬ್ರೂಮ್, ದಕ್ಷಿಣ ಆಫ್ರಿಕಾದ ಕರೂ ಬಂಡೆಯಲ್ಲಿ ಸಿಕ್ಕ ಪುಟ್ಟ ತಲೆಬುರುಡೆಯೊಂದಕ್ಕೆ ‘ಯಂಗೈನಾ’ ಎಂದೂ ಅದರ ಗಣಕ್ಕೆ ‘ಸೌಖೋಸ್’ನಿಂದ ‘ಇಯೊಸೂಕಿಯ’, ಅಂದರೆ ಉದಯಕಾಲದ ಮೊಸಳೆಗಳು, ಎಂದೂ ಹೆಸರಿಟ್ಟ. ಆ ಬುರುಡೆ ಸುಮಾರು 25 ಕೋಟಿ ವರ್ಷ ಹಿಂದಿನದು. ಕಣ್ಣಿನ ಹಿಂದೆ ಎರಡು ತೂತು, ಅವಕ್ಕೆ ಎರಡು ಎಲುಬಿನ ಕಮಾನು: 1903ರಲ್ಲಿ ಪಳೆಯುಳಿಕೆ ತಜ್ಞ ಆಸ್ಬಾರ್ನ್ ‘ಡಯಾಪ್ಸಿಡ’ ಎಂದದ್ದು ಇಂಥ ಬುರುಡೆಯ ಸರೀಸೃಪಗಳಿಗೇ.

ಆಮೇಲೆ ಇಯೊಸೂಕಿಯ ಎಲ್ಲೂ ನೆಲೆ ಸಿಗದ ಡಯಾಪ್ಸಿಡ್‌ಗಳ ಉಗ್ರಾಣವಾಯಿತು. ಕಡಲಿನ ಥಲಟೊಸಾರ್‌ಗಳು ಬಂದವು, ಚಾಂಪ್ಸೊಸಾರಸ್ ಕೂಡ ಬಂತು. ಮೊಸಳೆಯ ಎರಡು ಈಜಿಪ್ಟ್ ಹೆಸರುಗಳು ಒಂದೇ ಗಣದಲ್ಲಿ ಕೂಡಿದವು. ಒಳಗೆ ಮೊಸಳೆ ಒಂದೂ ಇರಲಿಲ್ಲ. ಮೂತಿಯ ಹೋಲಿಕೆ ‘ಮ್ಸಹ್’ನ ಹೋಲಿಕೆಯಷ್ಟೇ ಪೊಳ್ಳು.

1980ರ ದಶಕದಲ್ಲಿ ಪಳೆಯುಳಿಕೆ ತಜ್ಞರಾದ ಮೈಕೆಲ್ ಬೆಂಟನ್, ಜಾಕ್ ಗೋತಿಯೆ ಮೊದಲಾದವರು ಹಂಚಿಕೊಂಡ ಹೊಸ ಲಕ್ಷಣಗಳನ್ನಷ್ಟೇ ನಂಬಿ ವಂಶವೃಕ್ಷ ಬರೆದರು. ಭಾಷಾಶಾಸ್ತ್ರಜ್ಞರ ಕಟ್ಟುನಿಟ್ಟು ಕೊನೆಗೂ ಎಲುಬಿಗೆ ಬಂತೆಂದು ನನಗೆ ಅನಿಸುತ್ತದೆ. ಇಯೊಸೂಕಿಯ ಒಡೆದು ಹೋಯಿತು. ಯಂಗೈನಾ ಈಗ ನಿಲ್ಲುವುದು ಮರ ಕವಲೊಡೆಯುವ ಮುಂಚಿನ ಕಾಂಡದ ಬಳಿ. ಅದರ ಮೇಲೆ ಒಂದು ಕವಲಿನಲ್ಲಿ ಉಡ, ಓತಿ, ಹಾವು. ಇನ್ನೊಂದರಲ್ಲಿ ಕಾವೇರಿಯ ಮೊಸಳೆ, ಅದರ ಪಕ್ಕದಲ್ಲೇ ಕಾಡುಕೋಳಿ, ನವಿಲು.