ಸಾಷ್ಟಿಯ ಹಿತ್ತಿಲ ಕೋಳಿಯೂ ಬಾಂದ್ರೆಯ ಜಾತ್ರೆಯೂ

ಮುಂಬಯಿಯ ಉಪನಗರಗಳನ್ನೊಳಗೊಂಡ ಸಾಷ್ಟಿ ದ್ವೀಪದ ಹಳ್ಳಿಗಳ ಚರಿತ್ರೆಯನ್ನು ಬರೆಯಹೊರಡುವವರಿಗೆ ಕಾಗದಪತ್ರಗಳ ಕೊರತೆಯಿಲ್ಲ. ಗದ್ದೆಯ ಅಳತೆ, ಕಂದಾಯ, ಉಪ್ಪಿನ ಆಗರ, ಎಲ್ಲವೂ ದಫ್ತರಗಳಲ್ಲಿ ದೊರೆಯುತ್ತವೆ. 1878ರ ಮುಂಬಯಿ ಅಬಕಾರಿ ಕಾಯಿದೆಯಿಂದ ಕಳ್ಳಿನ ಮರವೂ ಲೆಕ್ಕಕ್ಕೆ ಬಂದಿತು. ಆ ಮರದ ಬುಡವನ್ನು ಕೆದರುತ್ತಿದ್ದ ಕೋಳಿಯನ್ನು ಮಾತ್ರ ಯಾವ ಗುಮಾಸ್ತನೂ ಎಣಿಸಲಿಲ್ಲ. ತೆರಿಗೆಯಿಲ್ಲದ ಸೊತ್ತು ದಫ್ತರವನ್ನು ಏರುವುದು ಅಪರೂಪ. ಅದು ಹೆಂಗಸರ ಸೊತ್ತಾದರಂತೂ ಕೇಳಬೇಕಾದುದೇ ಇಲ್ಲ.

ಈ ಸೊತ್ತಿನ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕಾಗಿದೆ. ನಾಟಿ ಹೇಂಟೆಯೊಂದು ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಗಳನ್ನಿಡುವುದು. ಒಂದು ಸರದಿಗೆ ಹನ್ನೆರಡು ಹದಿನೈದು. ಕಾವು 21 ದಿನ. ಒಡೆದು ಬಂದ ಮರಿಗಳಲ್ಲಿ ಹದ್ದು, ಬೆಕ್ಕು, ಮುಂಗುಸಿಗಳ ಪಾಲು ಹೋಗಿ ಉಳಿದವು ಮನೆಯವು. ರೋಗ ಬಂದರೆ ಅವೂ ಇಲ್ಲ. ನಮ್ಮ ಕಡೆ ಕೊಕ್ಕರೆ ರೋಗವೆನ್ನುವ ಮಾರಿ 1927ರಲ್ಲಿ ಹಿಮಾಲಯದ ರಾಣಿಖೇತದಲ್ಲಿ ಗುರುತಿಸಲ್ಪಟ್ಟು ಶಾಸ್ತ್ರಗ್ರಂಥಗಳಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಮಳೆಗಾಲದ ಮರಿ ತೇವಕ್ಕೆ ಸಾಯುವುದೇ ಹೆಚ್ಚು. ಆದುದರಿಂದ ಬಲ್ಲ ಗೃಹಿಣಿ ಮಾಘ ಫಾಲ್ಗುಣಗಳಲ್ಲಿ ಕಾವಿಗೆ ಕೂರಿಸುತ್ತಾಳೆ. ಆ ಮರಿಗಳು ಭಾದ್ರಪದದ ಹೊತ್ತಿಗೆ ಆರೇಳು ತಿಂಗಳಿನವಾಗಿ ಮಾರಾಟಕ್ಕೆ ಯೋಗ್ಯವಾಗುತ್ತವೆ. ಬಾಂದ್ರೆಯ ಜಾತ್ರೆ ಬರುವುದೂ ಆಗಲೇ.

ತುಳುನಾಡಿನಿಂದ ಮುಂಬಯಿಗೆ ಬಂದವರಿಗೆ ಈ ಲೆಕ್ಕ ಹೊಸತಲ್ಲ. ಹೇಂಟೆಯನ್ನು ನೆರೆಮನೆಗೆ ಪಾಲಿಗೆ ಕೊಟ್ಟು ಮರಿಗಳನ್ನು ಹಂಚಿಕೊಳ್ಳುವ ಪದ್ಧತಿ ಕನ್ನಡನಾಡಿನ ಹಳ್ಳಿಗಳಲ್ಲೆಲ್ಲ ಉಂಟು. ಬಡ ವಿಧವೆಗೂ ಮೂಲಧನವಿಲ್ಲದೆ ಸಂಪಾದನೆಯ ಮಾರ್ಗ ಅದರಿಂದ ತೆರೆಯುತ್ತಿತ್ತು. ಗಂಡಸು ಮುಂಬಯಿಯ ಹೋಟೆಲಿನಿಂದಲೋ ಗಿರಣಿಯಿಂದಲೋ ಕಳುಹಿಸುವ ಮನಿಯಾರ್ಡರಿಗೆ ಮನೆಯ ಹಿರಿಯರು ಲೆಕ್ಕ ಕೇಳುವುದುಂಟು. ಕೋಳಿಯ ಕಾಸಿಗೆ ಕೇಳುವುದು ಕಡಮೆ. ಅಂದ ಹಾಗೆ, ಈ ದ್ವೀಪದ ಮೂಲನಿವಾಸಿಗಳಾದ ಕೋಳಿ ಜನರ ಹೆಸರನ್ನು ಕೇಳಿ ನಮ್ಮವರು ನಗುವುದಿದೆ. ಅದು ಕೇವಲ ಧ್ವನಿಸಾಮ್ಯ; ಅದರ ಮೇಲೆ ನಿರುಕ್ತಿಯನ್ನು ಕಟ್ಟತಕ್ಕದ್ದಲ್ಲ.

ಬಾಂದ್ರೆಯ ಗುಡ್ಡದ ಮೇಲಣ ಮೇರಿಮಾತೆಯನ್ನು ಜನ ‘ಮೋತ ಮಾವುಲಿ’ ಎನ್ನುತ್ತಾರೆ. ಪೋರ್ತುಗೀಜರ ಕಾಲದಲ್ಲಿ ಮೊದಲಾದ ಈ ಕ್ಷೇತ್ರದ ಈಗಿನ ಕಟ್ಟಡ 1904ರದು. ಸಪ್ಟೆಂಬರ್ 8ರ ಜನ್ಮೋತ್ಸವವನ್ನು ಅನುಸರಿಸಿ ಒಂದು ವಾರ ಜಾತ್ರೆ ನಡೆಯುತ್ತದೆ. ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಪಾರಸಿಗಳೂ ಹರಕೆ ಹೊತ್ತು ಬರುತ್ತಾರೆ. ಕಾಲು ನೋಯುವವನು ಮೇಣದ ಕಾಲನ್ನೂ, ಮನೆ ಬಯಸುವವನು ಮೇಣದ ಮನೆಯನ್ನೂ ಒಪ್ಪಿಸುವನು. ಮೊದಲು ಮಾಹಿಮಿನಿಂದ ದೋಣಿಯಲ್ಲಿ ಖಾರಿಯನ್ನು ದಾಟಬೇಕಾಗಿತ್ತು. ಲೇಡಿ ಜಮ್ಶೇಟ್‌ಜಿಯವರ ಉದಾರ ದಾನದಿಂದ ಸೇತುಮಾರ್ಗ 1845ರಲ್ಲಿ ತೆರೆಯಿತು. 1867ರಲ್ಲಿ ವಿರಾರದಿಂದ ಬ್ಯಾಕ್‌ಬೇವರೆಗೆ ರೈಲು ಓಡಿತು. ಅಲ್ಲಿಂದ ಮುಂದೆ ದೂರದ ಹಳ್ಳಿಯ ಸಂಸಾರವೂ ಮಕ್ಕಳೊಡನೆ ಬೆಳಗ್ಗೆ ಹೊರಟು ರಾತ್ರಿ ಮನೆ ಸೇರುವುದು ಸಾಧ್ಯವಾಯಿತು. ರೈಲಿನ ಟಿಕೇಟು, ಮೇಣದ ಬತ್ತಿ, ಮಕ್ಕಳ ಮಿಠಾಯಿ, ಹೊಸ ಬಳೆ: ಇಂಥ ವೆಚ್ಚಗಳಿಗೆ ಬೆಳೆ ಕೊಯ್ಲಾಗದ ಆ ತಿಂಗಳಿನಲ್ಲಿ ರೈತನ ಕೈ ಬರಿದು. ಹಿತ್ತಿಲ ಹುಂಜವೇ ಗತಿ.

ಅದೇ 8ರಂದು ಮಂಗಳೂರಿನ ಕ್ರೈಸ್ತರಿಗೆ ‘ಮೊಂತಿ ಹಬ್ಬ’. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಬಂದ ಹೆಸರಿದು. ಹೊಸ ತೆನೆಯನ್ನು ಮಂತ್ರಿಸಿ ತಂದು, ಕುಟುಂಬವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಹೊಸತು ಉಣ್ಣುವ ದಿನ; ಸಂಪ್ರದಾಯದಂತೆ ಅಂದಿನ ಊಟ ಶಾಕಾಹಾರ. ಆ ದಿನದ ಮಟ್ಟಿಗೆ ಮಂಗಳೂರಿನ ಹಿತ್ತಿಲ ಕೋಳಿ ಬದುಕಿಕೊಂಡಿತೆನ್ನಬೇಕು. ಹೊಟ್ಟೆಪಾಡಿಗಾಗಿ ಬಾಂದ್ರೆಗೆ ಬಂದು ನೆಲೆಸಿದ ಮಂಗಳೂರಿಗರು ತಮ್ಮ ಹಬ್ಬದ ದಿನವೇ ಗುಡ್ಡದ ಮೇಲೆಯೂ ಹಬ್ಬವಿರುವುದನ್ನು ಕಂಡರು. ಸ್ಥಳೀಕರೊಡನೆ ಬೆರೆಯಲು ಅದು ಸಹಾಯವಾಗಿರಬೇಕು. ಆದರೆ ನೌಕರಿಯ ಪೈಪೋಟಿ ಬೇರೆಯೇ ಮಾತು. ಗೋವೆ ಮಂಗಳೂರುಗಳಿಂದ ಬಂದವರಿಂದ ತಮ್ಮನ್ನು ಬೇರೆಯಾಗಿ ತೋರಿಸಿಕೊಳ್ಳಲು ಸಾಷ್ಟಿಯ ಕ್ರೈಸ್ತರು 1887ರಲ್ಲಿ ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ಧರಿಸಿ ಸಂಘ ಕಟ್ಟಿದರು. ವಲಸೆ ಬಂದವರು ನೆಲದವರ ಹೆಸರನ್ನೇ ಬದಲಿಸಿದ ಈ ಪ್ರಸಂಗವನ್ನು ಮುಂಬಯಿ ಕನ್ನಡಿಗರು ಗಮನಿಸತಕ್ಕದ್ದು.

1920ರಲ್ಲಿ ಉಪನಗರ ಜಿಲ್ಲೆ ಬೇರೆಯಾಯಿತು. 1950 ಮತ್ತು 1957ರಲ್ಲಿ ಹಳ್ಳಿಗಳು ಬೃಹನ್ಮುಂಬಯಿಗೆ ಸೇರಿದವು. ನಗರದ ಎಮ್ಮೆಗಳಿಗಾಗಿ 1949ರಲ್ಲಿ ಗೋರೆಗಾಂವದ ಆರೆಯಲ್ಲಿ ವಸಾಹತು ಏರ್ಪಟ್ಟಿತು. ಮುಂದೆ ಅಲ್ಲಿಯೇ ಕೇಂದ್ರ ಸರಕಾರದ ಕೋಳಿ ಸಂವರ್ಧನ ಕ್ಷೇತ್ರವೂ ಬಂದಿತು. ಹಿತ್ತಿಲ ಹೇಂಟೆಗೆ ಮಾತ್ರ ಯಾರೂ ಯೋಜನೆ ಹಾಕಲಿಲ್ಲ, ಯಾರೂ ನಿಷೇಧವನ್ನು ಸಾರಬೇಕಾಗಿಯೂ ಬರಲಿಲ್ಲ. ಗದ್ದೆ ಕಟ್ಟಡದ ನಿವೇಶನವಾಯಿತು, ಹಿತ್ತಿಲು ಓಣಿಯಾಯಿತು, ಒಕ್ಕಲ ಮನೆ ಬಾಡಿಗೆಯ ಕೋಣೆಗಳಾಯಿತು. ಬಾಡಿಗೆಯ ರಸೀದಿ ಮನೆಯ ಯಜಮಾನನ ಹೆಸರಿನಲ್ಲಿ. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಸ್ಥಾಪನೆಯಾದ ಮೇಲೆ, ಅದು ಸೂಚಿಸುವ ದರ ದಿನದಿನವೂ ಪ್ರಕಟವಾಗುತ್ತಿದೆ. ಬಾಂದ್ರೆಯ ರಾಣವಾರ, ಚಿಂಬಯಿ, ಪಾಲಿಗಳಲ್ಲಿ ಹಳೆಯ ಮರದ ಮೆಟ್ಟಿಲಿನ ಕೆಲವು ಮನೆಗಳು ಇನ್ನೂ ನಿಂತಿವೆ. ಜಾತ್ರೆಗೆ ಹೋಗುವವರು ಪ್ರತಿವರ್ಷವೂ ಅವುಗಳ ಮುಂದೆಯೇ ಹಾದು ಗುಡ್ಡವನ್ನೇರುತ್ತಾರೆ.