ನಾಲ್ಕು ಕಡೆ ಅಗೆದು ನೋಡುವ ಗಣಿತ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ಹೆಸರುಗಳನ್ನು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಎರೆಭೂಮಿ ಬಂದು ನಿಲ್ಲುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ಹುಟ್ಟಿದ ಸೀಮೆ ಇದು. ಇಲ್ಲಿಯ ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ಮಳೆಯನ್ನು ಕಾಣುವುದು ಅಪರೂಪ. ನೆಲದೊಳಗೆ ನಿಂತ ಹಸಿಯನ್ನೇ ನಂಬಿ ಅದು ತಿಂಗಳುಗಟ್ಟಲೆ ಬಾಳಬೇಕು. ಆದುದರಿಂದ ಬಿತ್ತುವ ಮೊದಲು ಒಕ್ಕಲಿಗನಿಗೆ ಇರುವುದು ಒಂದೇ ಚಿಂತೆ: ಹಸಿ ಎಷ್ಟು ಆಳಕ್ಕೆ ಇಳಿದಿದೆ? ಇದನ್ನು ತಿಳಿಯಲು ಹೊಲವನ್ನೆಲ್ಲ ಅಗೆಯುವವರುಂಟೇ? ನಾಲ್ಕು ಕಡೆ ಅಗೆದು, ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡಿ, ಇಡೀ ಹೊಲದ ತೀರ್ಪನ್ನು ಅವನು ಹೇಳಿಬಿಡುತ್ತಾನೆ.

ಗಣಿತದಲ್ಲಿಯೂ ಇದೇ ಬಗೆಯ ಒಂದು ವಿಧಾನವುಂಟು. ಅದಕ್ಕೆ ಕೊಲೊಕೇಶನ್ ಎಂದು ಹೆಸರು. ಬಿಡಿಸಲಾರದ ಸಮೀಕರಣವೊಂದನ್ನು ಆಯ್ದ ಕೆಲವು ಬಿಂದುಗಳಲ್ಲಿ ಮಾತ್ರ ಸರಿಹೊಂದಿಸಿ, ನಡುವಿನ ದಾರಿಯನ್ನು ನಂಬುವುದು ಅದರ ತಾತ್ಪರ್ಯ. ಈ ವಿಧಾನದ ಕಥೆ ನಿಮಗೆ ತಿಳಿದಿರಲೆಂದು ಈ ಬರಹ. ಎಷ್ಟು ಕಡೆ ನೋಡಿದೆವು ಎಂಬುದಕ್ಕಿಂತ ಎಲ್ಲಿ ನೋಡಿದೆವು ಎಂಬುದು ದೊಡ್ಡದೆಂಬ ಎಚ್ಚರಿಕೆಯೂ ಆ ಕಥೆಯಲ್ಲಿ ಅಡಗಿದೆ.

ವಿದ್ಯೆ ಈ ಸೀಮೆಗೆ ಹೊಸದಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಒಂದು ಶಾಸನವಿದೆ. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ 945ರಲ್ಲಿ ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ! ಈ ದಾನ ನಡೆದದ್ದು ಸೂರ್ಯಗ್ರಹಣದ ಪರ್ವಕಾಲದಲ್ಲಿ. ಗ್ರಹಣ ಬರುವ ದಿನ ಮೊದಲೇ ತಿಳಿಯಬೇಕಾದರೆ ಲೆಕ್ಕ ಬಲ್ಲವರು ಬೇಕು ಎಂಬುದನ್ನು ನೀವೇ ಊಹಿಸಬಹುದು.

ಆ ಲೆಕ್ಕದ ಬಗೆಯನ್ನು ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತಶಿರೋಮಣಿಯಲ್ಲಿ ವಿಸ್ತಾರವಾಗಿ ತಿಳಿಸಿದ್ದಾರೆ. ಅವರ ಊರಾದ ವಿಜ್ಜಡವಿಡವು ಇಂದಿನ ವಿಜಯಪುರವೆಂದು ಕೆಲವರು, ಮಹಾರಾಷ್ಟ್ರದ ಪಾಟಣದ ಕಡೆಯದೆಂದು ಕೆಲವರು ವಾದಿಸುತ್ತಾರೆ. ಆ ವ್ಯಾಜ್ಯ ಇಲ್ಲಿ ಬೇಡ. ಕಾಲುವೃತ್ತವನ್ನು 24 ಸಮಭಾಗ ಮಾಡಿ, ಮೂರೂಮುಕ್ಕಾಲು ಅಂಶಕ್ಕೊಂದರಂತೆ ಜ್ಯಾ ಎಂಬ ಅಳತೆಯ ಬೆಲೆಯನ್ನು ಬರೆದಿಟ್ಟುಕೊಂಡು, ನಡುವಿನದನ್ನು ಅಕ್ಕಪಕ್ಕದವುಗಳಿಂದ ಎಣಿಸುವುದು ನಮ್ಮ ಜ್ಯೋತಿಷಿಗಳ ಪದ್ಧತಿಯಾಗಿತ್ತು. ಗ್ರಹವು ಒಂದು ಕ್ಷಣದಲ್ಲಿ ಎಷ್ಟು ವೇಗದಿಂದ ಚಲಿಸುತ್ತದೆಂಬ ‘ತಾತ್ಕಾಲಿಕ ಗತಿ’ಯ ವಿಚಾರವನ್ನೂ ಭಾಸ್ಕರರು ಮಾಡಿದ್ದಾರೆ. ಆದರೆ ಇದನ್ನೇ ಕೊಲೊಕೇಶನ್ ಎಂದು ಹೆಮ್ಮೆಪಡುವುದು ತಪ್ಪಾದೀತು. ಜ್ಯಾಕೋಷ್ಟಕದಲ್ಲಿ ಬಿಂದುಗಳ ಬೆಲೆ ಮೊದಲೇ ಗೊತ್ತು. ಕೊಲೊಕೇಶನ್‌ನಲ್ಲಿ ಯಾವ ಬೆಲೆಯೂ ಗೊತ್ತಿಲ್ಲ. ಆ ಬೆಲೆಗಳು ಪಾಲಿಸಬೇಕಾದ ನಿಯಮ ಮಾತ್ರ ಗೊತ್ತು.

ಆ ನಿಯಮ ಎಂಥದು? ಒಂದು ವಸ್ತು ಈ ಕ್ಷಣದಲ್ಲಿ ಯಾವ ವೇಗದಿಂದ ಬದಲಾಗುತ್ತಿದೆ ಎಂದು ಹೇಳುವುದು ಅವಕಲ ಸಮೀಕರಣ. ಹಿಂದಿನದೆಲ್ಲದರ ಮೊತ್ತ ಇಂದಿನ ಸ್ಥಿತಿಯನ್ನು ಹೇಗೆ ಕಟ್ಟುತ್ತದೆಂದು ಹೇಳುವುದು ಅನುಕಲ ಸಮೀಕರಣದ ಒಂದು ಬಗೆ. ಮೊದಲನೆಯದು ನ್ಯೂಟನ್, ಲೈಬ್ನಿಟ್ಸ್‌ರ ಕಾಲದಿಂದ ಬಂದದ್ದು. ಎರಡನೆಯದನ್ನು ನಾರ್ವೆಯ ಆಬೆಲ್ 1823ರಲ್ಲಿ ಎತ್ತಿಕೊಂಡನು. ಮುಂದೆ ಇಟಲಿಯ ವೋಲ್ಟೆರಾ, ಸ್ವೀಡನ್ನಿನ ಫ್ರೆಡ್‌ಹೋಮ್ ಅದನ್ನು ಶಾಸ್ತ್ರವಾಗಿ ಬೆಳೆಸಿದರು. ತೊಡಕೆಂದರೆ, ಜೀವನದಲ್ಲಿ ಎದುರಾಗುವ ಇಂಥ ಸಮೀಕರಣಗಳಲ್ಲಿ ಬಹುಪಾಲಿಗೆ ಅಚ್ಚುಕಟ್ಟಾದ ಸೂತ್ರರೂಪದ ಉತ್ತರವಿಲ್ಲ.

ಹಾಗಾದರೆ ಗತಿಯೇನು? ಒಂದು ಸಣ್ಣ ಉದಾಹರಣೆಯನ್ನು ನೋಡೋಣ. ನೆಲದಲ್ಲಿ 1000 ಪಾಲು ಹಸಿ ಇದೆ ಎನ್ನಿ. ಆರಂಭದ ವೇಗದಲ್ಲಿಯೇ ಆರುತ್ತ ಹೋದರೆ 30 ದಿನಗಳಲ್ಲಿ ಅದು ಪೂರ್ತಿ ಬರಿದಾಗಬೇಕು. ಆದರೆ ಹಸಿ ಇಳಿದಂತೆ ಆರುವ ವೇಗವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂಬುದು ನಾವು ಹಾಕಿಕೊಂಡ ನಿಯಮ. ತಿಂಗಳ ಕೊನೆಗೆ ಉಳಿದದ್ದೆಷ್ಟು? ನಿಜವಾದ ಉತ್ತರ 368 ಪಾಲು. ಅದು ಗೊತ್ತಿಲ್ಲವೆಂದೇ ಭಾವಿಸಿ, ಕಾಲ ಮತ್ತು ಕಾಲದ ವರ್ಗ ಇವೆರಡೇ ಇರುವ ಸರಳವಾದ ಬಾಗುಗೆರೆಯೊಂದನ್ನು ತೆಗೆದುಕೊಳ್ಳೋಣ. ಹದಿನೈದನೆಯ ದಿನ ಒಮ್ಮೆ, ಮೂವತ್ತನೆಯ ದಿನ ಒಮ್ಮೆ, ಎರಡೇ ಸಲ ಅದು ನಿಯಮವನ್ನು ಪಾಲಿಸಲಿ ಎಂದು ಕಟ್ಟು ಹಾಕಿದರೆ, ಹೈಸ್ಕೂಲಿನ ಹುಡುಗ ಬಿಡಿಸಬಲ್ಲ ಎರಡು ಸಮೀಕರಣಗಳು ಸಿಗುತ್ತವೆ. ಉತ್ತರ 375 ಪಾಲು. ತಪ್ಪು ಏಳೇ ಪಾಲು. ಈಗ ಹದಿನೈದನೆಯ ದಿನದ ಬದಲು ಹತ್ತನೆಯ ದಿನವನ್ನು ಆಯ್ದು ನೋಡಿ. ಉತ್ತರ 364 ಬರುತ್ತದೆ; ತಪ್ಪು ನಾಲ್ಕೇ ಪಾಲು. ಶ್ರಮ ಅಷ್ಟೇ, ಬಿಂದುಗಳೂ ಎರಡೇ. ಬದಲಾದದ್ದು ಸ್ಥಾನ ಮಾತ್ರ.

1930ರ ದಶಕದಲ್ಲಿ ಈ ವಿಧಾನ ಒಂದಕ್ಕಿಂತ ಹೆಚ್ಚು ಕಡೆ ತಲೆಯೆತ್ತಿತು. ಅಮೆರಿಕೆಯ ಸ್ಲೇಟರ್ 1934ರಲ್ಲಿ ಲೋಹಗಳೊಳಗಿನ ಎಲೆಕ್ಟ್ರಾನುಗಳನ್ನು ಅರಿಯಲು ಇದನ್ನು ಬಳಸಿದನು. ಇಂಗ್ಲೆಂಡಿನಲ್ಲಿ ವಿಮಾನಶಾಸ್ತ್ರದ ಕೆಲಸದಲ್ಲಿದ್ದ ಫ್ರೇಜರ್, ಜೋನ್ಸ್, ಸ್ಕಾನ್ ಎಂಬ ಮೂವರು 1937ರಲ್ಲಿ ಇದನ್ನು ವಿವರಿಸಿದರು. ಮರುವರ್ಷ ಹಂಗೇರಿ ಮೂಲದ ಲಾಂಕ್ಜೋಸ್ ಬಿಂದುಗಳ ಆಯ್ಕೆಗೇ ಮಹತ್ವ ಕೊಟ್ಟನು. ಅದಕ್ಕೆ ಕಾರಣವಿತ್ತು. ಸಮಾನ ಅಂತರದ ಬಿಂದುಗಳ ಮೇಲೆ ಗೆರೆ ಹಾಯಿಸಿದರೆ, ಬಿಂದುಗಳು ಹೆಚ್ಚಿದಂತೆ ಗೆರೆ ಸುಧಾರಿಸುವ ಬದಲು ತುದಿಗಳಲ್ಲಿ ಹುಚ್ಚೆದ್ದು ಕುಣಿಯಬಹುದೆಂದು ಜರ್ಮನಿಯ ರುಂಗೆ 1901ರಲ್ಲಿಯೇ ತೋರಿಸಿದ್ದನು. ಮದ್ದು ಸರಳ: ನಡುವೆ ವಿರಳವಾಗಿ, ತುದಿಗಳ ಕಡೆಗೆ ದಟ್ಟವಾಗಿ ಬಿಂದುಗಳನ್ನಿಡಬೇಕು. ಹೊಲದ ಮಾತಿನಲ್ಲಿ ಹೇಳುವುದಾದರೆ, ಬದುವಿನ ಹತ್ತಿರ ಹೆಚ್ಚು ಅಗೆಯಬೇಕು.

ಇನ್ನೊಂದು ಕವಲು ಧಾರವಾಡಕ್ಕೆ ಬರುತ್ತದೆ. ಆಲ್ಫ್ರೆಡ್ ಹಾರ್ ಎಂಬ ಹಂಗೇರಿಯ ತರುಣ 1909ರಲ್ಲಿ ತನ್ನ ಪ್ರಬಂಧದಲ್ಲಿ, ಮೆಟ್ಟಿಲಿನಂತೆ ಏರಿ ಇಳಿಯುವ ಸರಳ ಆಕೃತಿಗಳನ್ನು ಕೂಡಿಸಿ ಬಾಗುಗೆರೆಗಳನ್ನು ಕಟ್ಟುವ ದಾರಿಯನ್ನು ತೋರಿಸಿದ್ದನು. ಬಹುಕಾಲ ಕಳೆದ ಮೇಲೆ ಅವಕ್ಕೆ ವೇವ್‌ಲೆಟ್ ಎಂಬ ಹೆಸರು ಬಂದು, ಗಣಕಯಂತ್ರದ ಕಾಲದಲ್ಲಿ ಕೊಲೊಕೇಶನ್ ವಿಧಾನಕ್ಕೆ ಅವು ಒಳ್ಳೆಯ ಸಾಧನಗಳಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎನ್. ಎಂ. ಬುಜುರ್ಕೆಯವರು ಸಾಲಿಮಠ, ಶಿರಲಶೆಟ್ಟಿ ಇವರೊಡನೆ ಹಾರ್ ವೇವ್‌ಲೆಟ್ಟುಗಳಿಂದ ಅವಕಲ ಸಮೀಕರಣಗಳನ್ನು ಬಿಡಿಸುವ ಪ್ರಬಂಧಗಳನ್ನು 2008ರಲ್ಲಿ ವಿದೇಶದ ಪತ್ರಿಕೆಗಳಲ್ಲಿ ಪ್ರಕಟಿಸಿದರು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗುವವರೆಗೆ ಈ ನಾಲ್ಕು ಊರುಗಳ ಕಾಲೇಜುಗಳಿಗೂ ಧಾರವಾಡವೇ ವಿದ್ಯಾಪೀಠವಾಗಿತ್ತೆಂಬುದನ್ನು ನೆನೆಯಬೇಕು.

ಇದೆಲ್ಲ ಪಂಡಿತರ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. ಒಣಬೇಸಾಯದ ಸಂಶೋಧನೆ ಬಿಜಾಪುರದಲ್ಲಿ 1930ರ ದಶಕದಲ್ಲಿಯೇ ಮೊದಲಾಯಿತು. ಅದರ ತಿರುಳೂ ನೆಲದ ಹಸಿಯೇ. ಅರೆಹಸಿಯಾದ ಮಣ್ಣಿನಲ್ಲಿ ನೀರು ಹೇಗೆ ಸರಿಯುತ್ತದೆಂಬ ಅವಕಲ ಸಮೀಕರಣವನ್ನು ಅಮೆರಿಕೆಯ ರಿಚರ್ಡ್ಸ್ 1931ರಲ್ಲಿ ಬರೆದನು. ಸಾಮಾನ್ಯವಾಗಿ ಅದಕ್ಕೂ ಸೂತ್ರರೂಪದ ಉತ್ತರವಿಲ್ಲ. ಸಂಖ್ಯಾವಿಧಾನಗಳಿಂದಲೇ ಅದನ್ನು ಬಿಡಿಸಬೇಕು. ಆಗ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದ ಮೇಲೆ, ವರ್ಷಗಳು ಉರುಳಿ, ಕೃಷ್ಣೆಯ ನೀರು ಕಾಲುವೆಗಳಲ್ಲಿ ಈ ಎರೆಭೂಮಿಗೂ ಬಂದಿತು. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೆಚ್ಚು ಹಾಯಿಸಿದರೆ ಹೊಲ ಜವಳಾಗುತ್ತದೆ, ಉಪ್ಪು ಮೇಲೇಳುತ್ತದೆ. ನೀರು ಎಲ್ಲಿಯವರೆಗೆ ಇಳಿದೀತು, ಎಲ್ಲಿ ನಿಂತೀತು ಎಂಬ ಲೆಕ್ಕ ತಪ್ಪಿದರೆ ದಂಡ ತೆರುವವನು ಕಾಗದದ ಮುಂದೆ ಕುಳಿತವನಲ್ಲ, ಹೊಲದವನು.

ನುಣುಪಾದ ಗೆರೆ ತನ್ನ ತಪ್ಪನ್ನು ತಾನೇ ಹೇಳುವುದಿಲ್ಲ. ನೋಡಿದ ಬಿಂದುಗಳಲ್ಲೆಲ್ಲ ಅದು ಪ್ರಾಮಾಣಿಕವಾಗಿಯೇ ಇರುತ್ತದೆ. ಮೋಸವಿದ್ದರೆ ನೋಡದ ಕಡೆಯೇ ಇರಬೇಕು. ಆದ್ದರಿಂದ ಲೆಕ್ಕಿಗನು ಉತ್ತರ ಬಂದ ಮೇಲೆ ತಾನು ಆಯದ ಬಿಂದುವಿನಲ್ಲಿಯೂ ಒಮ್ಮೆ ಅದನ್ನು ಪರೀಕ್ಷಿಸುತ್ತಾನೆ. ಮುಂದಿನ ಹಿಂಗಾರಿಯಲ್ಲಿ ನಿಮ್ಮ ಹಿರಿಯರು ಗುದ್ದಲಿ ಹಿಡಿದು ಹೊಲಕ್ಕೆ ಹೊರಟರೆ, ಮನೆಯ ಕಾಲೇಜು ಹುಡುಗನನ್ನೋ ಹುಡುಗಿಯನ್ನೋ ಅವರ ಜೊತೆಗೆ ಕಳಿಸಿರಿ. ಅವರು ಯಾವ ಜಾಗವನ್ನು ಆಯುತ್ತಾರೆ, ನಾಲ್ಕು ಕಡೆ ಅಗೆದ ಮೇಲೂ ಐದನೆಯ ಕಡೆ ಏಕೆ ಗುದ್ದಲಿ ಹಾಕುತ್ತಾರೆ ಎಂದು ಕೇಳಿ ಬರಲಿ.